ಕಂಕುಳಲ್ಲಿ ಬಿಳಿ

ಅಪರೂಪದ ಹಕ್ಕಿ ಕಂಡರೆ ಸಿಸಿಲಿಯಾ ಟೀಚರ್ ತುಟಿಯ ಮೇಲೆ ಅಂಗೈ ಒತ್ತಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದವರು ತಾವೇ ನೋಡಿ, ತಮ್ಮ ಮಾತಿನಲ್ಲಿ ಹೇಳಿ ಮುಗಿಸುವ ತನಕ ಕೈ ತೆಗೆಯುತ್ತಿರಲಿಲ್ಲ. “ನಾನು ಮೊದಲು ಹೇಳಿದ್ರೆ ನೀವು ನನ್ನ ಹಕ್ಕಿಯನ್ನೇ ನೋಡ್ತೀರಿ ಮಾರಾಯ್ರೆ” ಎನ್ನುವರು.

ಮಕ್ಕಳೇ, ಬಿಜೈಯಲ್ಲಿ ನಮ್ಮ ಎದುರಿನ ಫ್ಲ್ಯಾಟ್ ಅವರದು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಲಿಫ್ಟಿನಲ್ಲಿಯೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಟೀಚರ್ ಮಾತ್ರ ಬಿಡದೆ ಟೆರೇಸಿಗೆ ಕರೆದೊಯ್ಯುವರು. ಒಮ್ಮೆ ಅವರೊಬ್ಬರೇ ಕಂಡ ಹಕ್ಕಿಯನ್ನು ಹಕ್ಕಿ ನೋಡುವವರ ಗುಂಪು ಒಪ್ಪಿರಲಿಲ್ಲ. “ಟೀಚರಿಗೆ ವಯಸ್ಸಾಯ್ತು, ಕಾಗೆಯೂ ಗಿಡುಗ ಆಗ್ತದೆ ಅಂತ ನಗಾಡಿದ್ರು” ಎಂದು ಹೇಳುವಾಗ ಅವರ ಸ್ವರ ಸಣ್ಣದಾಗುತ್ತಿತ್ತು.

ಜೂನ್ ತಿಂಗಳ ಒಂದು ಬೆಳಿಗ್ಗೆ ಗಾಳಿಗೆ ಟ್ಯಾಂಕಿನ ಮುಚ್ಚಳ ಬಡಿಯುತ್ತಿತ್ತು. ನೋಡಲು ಟೆರೇಸಿಗೆ ಹೋದೆ. ಟ್ಯಾಂಕಿನ ಮೇಲೆ ಕರಿಯ ಹಕ್ಕಿಯೊಂದು ಕುಳಿತಿತ್ತು. ಅದು ನನ್ನ ಕಡೆ ತಿರುಗಿ ರೆಕ್ಕೆ ಬಿಚ್ಚಿತು. ರೆಕ್ಕೆ ಬಿಚ್ಚುತ್ತಲೇ ಹೋಯಿತು. ಯಾರನ್ನೋ ಕೊಂಡೊಯ್ಯಲು ಬಂದದ್ದೆಂದೇ ಅನಿಸಿ ಕಾಲು ಕದಲಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಟೀಚರ್ ಬಂದರು. ಮೊಬೈಲು ಎತ್ತಿ, ರೆಕ್ಕೆ ಪೂರ್ತಿ ಸಿಗಲೆಂದು ಮೊಣಕಾಲೆತ್ತರದ ಕಟ್ಟೆಗೆ ಒರಗಿ ಹೊರಕ್ಕೆ ಬಾಗಿದರು. ಗಾಳಿ ತಳ್ಳುತ್ತಿತ್ತು. ನಾನು ಕಣ್ಣು ಮುಚ್ಚಿ ಅವರ ಸೊಂಟ ಹಿಡಿದುಕೊಂಡೆ.

ಹಕ್ಕಿ ಹಾರಿತು. ಫೋಟೋದಲ್ಲಿ ಮಳೆಹನಿ ಬಿಟ್ಟರೆ ಏನೂ ಇರಲಿಲ್ಲ.

ಅವರು ಮೊಬೈಲಿನಲ್ಲಿ ರೆಕಾರ್ಡಿಂಗ್ ಒತ್ತಿ ನನ್ನ ಮುಂದೆ ಹಿಡಿದರು. “ಗುಂಪಿಗೆ ಕಳಿಸ್ಲಿಕ್ಕೆ. ಎಂತ ಕಂಡಿತು, ಹೇಳಿ ಅಕ್ಕ.”

“ನನಗೆ ಹೆದರಿಕೆ ಆಗ್ತದೆ ಟೀಚರೇ. ಅವರೆಲ್ಲ ಕಲಿತವರು.”

“ಹೆದರಿದ್ದನ್ನೇ ಹೇಳಿ” ಎಂದವರು ತುಟಿಗೆ ಅಂಗೈ ಒತ್ತಿಕೊಂಡರು.

“ಕಪ್ಪು. ಕೊಕ್ಕಿನ ತುದಿ ಕೊಕ್ಕೆಯ ಹಾಗೆ. ಬಾಲ ಕತ್ತರಿ. ಮತ್ತೆ... ಕಂಕುಳಲ್ಲಿ ಬಿಳಿ ಉಂಟು.”

ಆ ಮಾತು ಆಡಲು ನಾಚಿಕೆಯಾಗಿತ್ತು. ಟೀಚರ್ ಕೈ ತೆಗೆದರು, ಕಣ್ಣು ತುಂಬಿತ್ತು. ಅದು ‘ಸಣ್ಣ ಫ್ರಿಗೇಟ್’ ಎಂಬ ಹಕ್ಕಿಯಂತೆ. ನಡುಗಡಲಿನದು, ಬಿರುಗಾಳಿ ತಂದು ಹಾಕಿದ್ದು. ಕಂಕುಳ ಬಿಳಿಯೇ ಅದರ ಗುರುತಂತೆ. ಈ ಸಲ ಗುಂಪು ಒಪ್ಪಿತು.

ಕಳೆದ ವರ್ಷ ಆಸ್ಪತ್ರೆಯಲ್ಲಿ ಅವರನ್ನು ಕೊನೆಯ ಸಲ ನೋಡಿದೆ. “ಕಿಟಕಿಯಲ್ಲಿ ಎಂತ ಉಂಟು ಅಕ್ಕ?” ಎಂದರು.

“ತೆಂಗಿನ ಮೇಲೆ ಗರುಡ. ಬಿಳಿ ತಲೆ.”

“ಹೌದೌದು. ನನಗೂ ಕಾಣ್ತದೆ.”

ಟೆರೇಸಿನ ಹಕ್ಕಿ ಕಂಡಾಗಲೂ ನಾನು ಆ ಹೊತ್ತಿನಷ್ಟು ಹೆದರಿರಲಿಲ್ಲ. ಟೀಚರ್ ಕಣ್ಣು ಮುಚ್ಚಿಯೇ ಮಲಗಿದ್ದರು.