ಮಾಡಿಸದೆ ಬಿಟ್ಟ ಸವತಿ ತಾಳಿ

ಹುಣಸೂರಿನಲ್ಲಿ ಬಸ್ಸಿನಿಂದ ಕಾಲು ಕೆಳಗಿಟ್ಟೆನೋ ಇಲ್ಲವೋ, ಸೀನು ಹತ್ತಿತು. ಕಣ್ಣು ಮೂಗೆಲ್ಲ ಸುರಿಯುವಂಥ ಸೀನು. ಹೊಗೆಸೊಪ್ಪಿನ ಊರು ಇದು, ಗಾಳಿಯೇ ಘಾಟು. ನಾನು ಮನೆಪಾಠ ಹೇಳಲು ಬಂದಿದ್ದ ಸಾಹುಕಾರರ ನಡುಮನೆಯಲ್ಲೂ ಸೊಪ್ಪಿನ ಕಟ್ಟುಗಳನ್ನು ತೊಲೆ ಮುಟ್ಟುವಂತೆ ಪೇರಿಸಿದ್ದರು. ಹೊಸ್ತಿಲ ಮೇಲೆ ಮತ್ತೆ ಸೀನಿ, ಅಪಶಕುನವಾಯಿತಲ್ಲ ಎಂದು ಹಿಂದೆ ಸರಿದೆ. ಸಾಹುಕಾರರ ತಾಯಿ ನಕ್ಕುಬಿಟ್ಟರು.

"ಬಾರವ್ವ ಒಳೀಕೆ. ಈ ಮನೇಲಿ ಸೀನಿಗೆಲ್ಲ ನಿಂತ್ಕಂಡ್ರೆ ಯಾಪಾರ ಆದಂಗೇ ಬುಡು."

ಧಾರವಾಡದಲ್ಲಿ ನನ್ನ ಜೊತೆ ಬೆಳೆದ ನಿಮಗೆ ಇದನ್ನೆಲ್ಲ ಹೇಗೆ ತಿಳಿಸಲಿ? ಅಲ್ಲಿಯದೂ ಕನ್ನಡ, ಇಲ್ಲಿಯದೂ ಕನ್ನಡ. ಆದರೆ ನಾನು "ಹೌದಲ್ರೀ" ಎಂದರೆ ಸಾಕು, ಸಾಹುಕಾರರ ಮಗಳು, ನನ್ನ ಶಿಷ್ಯೆ ಗೌರಿ ಬಿದ್ದು ಬಿದ್ದು ನಗುತ್ತಿದ್ದಳು. ಎಂಟು ವರ್ಷದ ಹುಡುಗಿ, ತಾಯಿ ತೀರಿಕೊಂಡಿದ್ದಾಳೆ ಎಂದು ಹೇಳಿದ್ದರು. ಜೋಳದ ಹಿಟ್ಟಿಗಾಗಿ ಸಂತೆಯೆಲ್ಲ ಅಲೆದು, ಸಿಗದೆ, ಮುದ್ದೆಯ ಮುಂದೆ ಕೂತು ಅತ್ತಿದ್ದೇನೆ. ಒಂದು ದಿನ ನನಗೇ ಗೊತ್ತಿಲ್ಲದೆ "ಬಾ ಕಣೇ" ಅಂದುಬಿಟ್ಟೆ. ಗೌರಿ ಚಪ್ಪಾಳೆ ತಟ್ಟಿ ಅಜ್ಜಿಯನ್ನು ಕೂಗಿ ಕರೆದಳು. ಅನಾಥಾಲಯದಲ್ಲಿ ಬೆಳೆದ ನನಗೆ ಅಷ್ಟೇ ದೊಡ್ಡ ಹಬ್ಬ.

ಸಾಹುಕಾರ ಮಹದೇವಪ್ಪನವರು ಮಾತು ಕಡಿಮೆಯವರು, ಸಿಡುಕರು. ಆದರೂ ಸಂಜೆ ಜಗಲಿಯಲ್ಲಿ ಕೂತು ನನ್ನ ಜೊತೆ ವಾದಕ್ಕೆ ಇಳಿಯುತ್ತಿದ್ದರು. "ನನ್ಗೆ ಎದುರು ಮಾತಾಡೋರು ಈ ಊರಲ್ಲಿ ನೀವೊಬ್ರೇ ಕಣ್ರೀ" ಎಂದರು ಒಂದು ದಿನ. ಆಮೇಲೊಂದು ದಿನ ಮದುವೆಯ ಮಾತೆತ್ತಿದರು. ನನಗೂ ಅವರು ಬೇಕಾಗಿದ್ದರು, ಸುಳ್ಳೇಕೆ ಹೇಳಲಿ? ಹುಟ್ಟಿದ ಮೇಲೆ ಮೊದಲ ಸಲ ನನ್ನದೊಂದು ಮನೆ ಆಗುವುದರಲ್ಲಿತ್ತು. ಒಪ್ಪಿಕೊಂಡೆ.

ಇಲ್ಲಿ ಮದುವೆಯ ಚಿನ್ನಕ್ಕೆ ಅಕ್ಕಸಾಲಿಗರನ್ನು ಮನೆಗೇ ಕರೆಸುತ್ತಾರೆ. ಆಚಾರ್ರು ಬೆಳಿಗ್ಗೆ ಬಂದು ಜಗಲಿಯಲ್ಲಿ ಕುಲುಮೆ ಹೂಡಿದರು. ನನ್ನ ತಾಳಿ ಮುಗಿಸಿ, "ಅವ್ವಾರೆ, ಸವತಿ ತಾಳಿ ಯಾವ ಅಳತೇಲಿ ಮಾಡ್ಲಿ?" ಎಂದು ಕೇಳಿದರು.

ಸವತಿ ತಾಳಿ ಎಂದರೆ ಏನು ಎಂದೆ. ಆಚಾರ್ರಿಗೆ ಆಶ್ಚರ್ಯ. "ಮೊದಲ್ನೋರು ಸತ್ತಿದ್ರೆ ಅವ್ರ ಹೆಸರಲ್ಲೊಂದು ಸಣ್ಣ ತಾಳಿ ಮಾಡ್ಸಿ ಎರಡ್ನೇಯೋರ ಕೊರಳಿಗೆ ಕಟ್ತರೆ ಕಣವ್ವ. ಇಲ್ದಿದ್ರೆ ಸತ್ತೋರು ಕಾಡ್ತರೆ. ಎಣ್ಣಿನ ಕಡೆಯೋರೇ ಕೇಳಿ ಮಾಡಿಸ್ಕತ್ತರೆ ಇದ್ನ."

"ಬ್ಯಾಡ, ಎತ್ತಿಡು" ಎಂದರು ಅಜ್ಜಿ.

"ಸಂಪ್ರದಾಯ ಬುಡಕ್ಕಾಗಲ್ಲ ಅವ್ವಾರೆ, ಮಗೀಗೆ ಕೆಟ್ಟದಾಯ್ತದೆ" ಎಂದರು ಆಚಾರ್ರು.

ಅಜ್ಜಿ ಸೆರಗು ಬಾಯಿಗಿಟ್ಟು ಅತ್ತರು. "ಬದುಕಿರೋಳ ಹೆಸರಲ್ಲಿ ಮಾಡ್ಸಿ ಅವಳ ಸಾವ ನಾನೇ ಕರೀಲಾ? ನನ್ ಕೈಲಾಗಲ್ಲ."

ಕುಲುಮೆ ಊದುವುದು ನಿಂತಿತು. ಗೌರಿಯ ತಾಯಿ ಬದುಕಿದ್ದಾರೆ! ಅವರ ಹೆಸರೇನು ಎಂದೆ. "ಪಾರ್ವತಿ" ಎಂದರು. ಬುದ್ಧಿ ಸ್ಥಿಮಿತವಿಲ್ಲವಂತೆ, ಗುರುಪುರದ ತೋಟದ ಮನೆಯಲ್ಲಿ ಕಾವಲಿಟ್ಟು ಇರಿಸಿದ್ದಾರಂತೆ. ತವರಿದ್ದ ಹುಡುಗಿಯಾಗಿದ್ದರೆ ಅವಳ ಕಡೆಯವರು ಸವತಿ ತಾಳಿ ಎಲ್ಲಿ ಎಂದು ಮೊದಲ ದಿನವೇ ಕೇಳುತ್ತಿದ್ದರು. ಹಿಂದೆ ಮುಂದೆ ಯಾರೂ ಇಲ್ಲದ ನನ್ನನ್ನು ಆರಿಸಿದ್ದು ಅದಕ್ಕೇ ಇರಬೇಕು ಎಂದು ಆಗ ಹೊಳೆಯಿತು.

ಸಾಹುಕಾರರು ಮಂಡಿಯಿಂದ ಬರುವುದನ್ನೇ ಕಾದು ಬಾಗಿಲಲ್ಲಿ ನಿಂತಿದ್ದೆ. ಅವರು ತಲೆ ತಗ್ಗಿಸಲಿಲ್ಲ. "ನಮ್ಮಪ್ಪಂಗೂ ಇಬ್ರು ಎಂಡ್ರು. ಇದ್ರಲ್ಲಿ ತಪ್ಪೇನೈತೆ?" ಎಂದರು. ನಿಜವೇ. ನಮ್ಮ ಧಾರವಾಡ ಸೇರಿದ್ದ ಮುಂಬೈ ರಾಜ್ಯದಲ್ಲಿ ಒಬ್ಬಳಿರುವಾಗ ಇನ್ನೊಬ್ಬಳನ್ನು ಕಟ್ಟಿಕೊಂಡರೆ ಜೈಲು. ಮೈಸೂರು ರಾಜ್ಯದಲ್ಲಿ ಆಗ ಯಾರ ಅಡ್ಡಿಯೂ ಇರಲಿಲ್ಲ.

"ಕಾಯ್ದೆ ಮಾತು ಬ್ಯಾಡ್ರಿ. ಬದುಕಿದಾಕಿನ್ನ ಸತ್ತಾಳ ಅಂದ್ರಿ. ನಾಳೆ ನನಗ ಬುದ್ಧಿ ಕೆಟ್ರ ನಾನೂ ಸತ್ತಾಳಂತ ಹೇಳ್ತೀರೇನು?"

"ಓಗ್ಬ್ಯಾಡ ಗಂಗಾ" ಎಂದರು ಅವರು. ಆ ದನಿಗೆ ಕರಗಿಬಿಡುತ್ತೇನೆಂದು ಹೆದರಿ, ಒಳಗೆ ಹೋಗಿ ಟ್ರಂಕು ಕಟ್ಟಿದೆ. ಗೌರಿ ನನ್ನ ಸೆರಗು ಹಿಡಿದುಕೊಂಡಿದ್ದಳು. ಬಿಡಿಸಿಕೊಂಡು ಬಂದೆ. ಎಲ್ಲಿಗೆ ಹೋಗುವುದೆಂದು ನನಗೇ ಗೊತ್ತಿರಲಿಲ್ಲ. ಪಿರಿಯಾಪಟ್ಟಣದ ಬಸ್ಸು ನಿಂತಿತ್ತು, ಹತ್ತಿದೆ. ಅಲ್ಲಿ ಅಲೆದಾಡಿ ಶಾಲೆಯಲ್ಲಿ ಕೆಲಸ ಹಿಡಿದೆ. ಒಂಟಿ ಹೆಂಗಸಿಗೆ ಬಾಡಿಗೆ ಮನೆ ಕೊಡಲು ಊರೆಲ್ಲ ಹಿಂದೆಮುಂದೆ ನೋಡಿತು, ಕೊನೆಗೆ ಒಬ್ಬ ವಿಧವೆ ಹಿತ್ತಿಲ ಕೋಣೆ ಬಿಟ್ಟುಕೊಟ್ಟರು. ರಜೆಗೆ ಧಾರವಾಡಕ್ಕೆ ಬಂದಾಗ ನನ್ನ ಮಾತು ಕೇಳಿ ನೀವೇ ನಕ್ಕಿರಿ, "ಮೈಸೂರಿನಾಕಿ ಬಂದ್ಳು" ಎಂದಿರಿ.

ಮೊನ್ನೆ ಮೈಸೂರಿಗೆ ಹೊರಟಿದ್ದೆ. ಹುಣಸೂರಿನಲ್ಲಿ ಬಸ್ಸು ನಿಂತಾಗ ಅಜ್ಜಿ, ಗೌರಿ ಇಬ್ಬರೂ ಕಂಡರು. ಅಜ್ಜಿ ಕಿಟಕಿಗೆ ಬಂದು ನನ್ನ ಕೈ ಹಿಡಿದುಕೊಂಡರು. "ಪಾರ್ವತೀನ ಮನೇಗೆ ಕರ್ಕಬಂದವ್ನೆ ಕಣವ್ವ. ನೀನು ಒಂಟೋದ್ಮೇಲೆ ಅವ್ನೇ ಓಗಿ ಕರ್ಕಬಂದ."

"ಛಲೋ ಆತು ಬಿಡ್ರಿ" ಎಂದೆ. ಮನಸ್ಸಿನಿಂದಲೇ ಎಂದೆ.

"ಟೀಚರಮ್ಮ, ನೀವೂ ಬನ್ನಿ ಮನೇಗೆ" ಎಂದಳು ಗೌರಿ. ಬಸ್ಸು ಹೊರಟಿತು. ಲಕ್ಷ್ಮಣತೀರ್ಥ ದಾಟಿದರೂ ನನ್ನ ಅಳು ನಿಲ್ಲಲಿಲ್ಲ. ಪಕ್ಕದ ಹೆಂಗಸು ಬೆನ್ನು ಸವರಿ, "ತವರು ಬುಟ್ಟು ಓಯ್ತಿದ್ದೀಯಾ ಮಗ? ಯಾವೂರು ನಿಂದು?" ಎಂದು ಕೇಳಿದರು.

ಧಾರವಾಡ ಎಂದೆ. ಅಲ್ಲಿ ನನ್ನನ್ನು ಬೇಡವೆನ್ನುವವರಿಲ್ಲ, ಬಾ ಎನ್ನುವವರೂ ಇಲ್ಲ. ಬಾ ಎಂದು ಕರೆಯುವ ಮನೆ ಒಂದೇ ಒಂದಿದೆ, ಅಲ್ಲಿಗೆ ನಾನು ಹೋಗುವ ಹಾಗಿಲ್ಲ.