ನಂಜು ಅಂದರು, ತಿಂದೆ

ಶ್ವಾಸಕೋಶದ ಕ್ಯಾನ್ಸರ್ ಎಂದು ಗೊತ್ತಾದ ವಾರವೇ ಅಕ್ಕ ನನ್ನನ್ನು ಮೂಡುಬಿದಿರೆಯಿಂದ ಬಿ.ಸಿ.ರೋಡಿನ ತನ್ನ ಮನೆಗೆ ಕರೆತಂದು ಪಥ್ಯಕ್ಕೆ ಕೂರಿಸಿದಳು. ಮೀನು ನಂಜು, ಮೊಟ್ಟೆ ನಂಜು, ಬದನೆಯೂ ನಂಜು; ತಿಂದರೆ ರೋಗ ಕೆರಳುತ್ತದಂತೆ. ಉಳಿದದ್ದು ಗಂಜಿ, ಸುಟ್ಟ ಹಪ್ಪಳ. ಒಂದು ದಿನವೂ ಬೀಡಿ ಸೇದದ ನನಗೆ ಈ ಕಾಯಿಲೆ ಬಂದದ್ದೇ ಅನ್ಯಾಯ, ಅದರ ಮೇಲೆ ಮೂರು ಹೊತ್ತೂ ಗಂಜಿ. ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿತ್ತು.

ಕೀಮೋ ಶುರು ಮಾಡುವ ಮೊದಲು ಮಂಗಳೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯಾಯಿತು. ನಾನು ಎದುರಿಗೇ ಕೂತಿದ್ದರೂ ಡಾಕ್ಟರು ಅಕ್ಕನಿಗೆ ಹೇಳಿದರು: "ನಿಮ್ಮ ತಂಗಿಯ ರಕ್ತದಲ್ಲಿ ಆಲ್ಬುಮಿನ್ ಅನ್ನುವ ಪ್ರೋಟೀನು ತುಂಬ ಇಳಿದಿದೆ. ಬಿಳಿ ರಕ್ತಕಣಗಳ ಲೆಕ್ಕವೂ ಸರಿ ಇಲ್ಲ. ಹೀಗೆ ಇರುವವರಲ್ಲಿ ಚಿಕಿತ್ಸೆಯ ಫಲಿತಾಂಶ ಅಷ್ಟು ಒಳ್ಳೆಯದಿರುವುದಿಲ್ಲ. ಈ ಸ್ಥಿತಿಯಲ್ಲಿ ದೇಹ ಕೀಮೋ ತಡೆದುಕೊಳ್ಳಲಿಕ್ಕಿಲ್ಲ."

"ನನ್ನ ಭವಿಷ್ಯ ಹೇಳುವ ಮೊದಲು ನನಗೆ ಊಟ ಏನೂಂತ ಕೇಳಿ ಡಾಕ್ಟ್ರೇ," ಎಂದೆ.

ಕೇಳಿದರು, ಹೇಳಿದೆ. ಅವರು ಕನ್ನಡಕ ತೆಗೆದರು. "ಆಲ್ಬುಮಿನ್ ಇಳಿಯುವುದು ಕಾಯಿಲೆಯಿಂದಲೂ ಉಂಟು. ಆದರೆ ಹೀಗೆ ಉಪವಾಸ ಹಾಕಿದರೆ ದೇಹ ಯಾವುದರ ಬಲದಲ್ಲಿ ಹೋರಾಡಬೇಕು? ಮೀನು, ಮೊಟ್ಟೆ ಎಲ್ಲ ಕೊಡಿ. ಎರಡು ವಾರ ಬಿಟ್ಟು ನೋಡುವ."

ಬರುವ ದಾರಿಯಲ್ಲೇ ಬಂಗುಡೆ ಮೀನು ಕೊಂಡೆ. ಅಕ್ಕ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು.

"ನಿನ್ನ ಭಾವನಿಗೆ ಕಾಮಾಲೆ ಆದಾಗ ಆಸೆಪಟ್ಟರೂಂತ ನಾನೇ ಮೀನು ಬಡಿಸಿದ್ದು. ಮತ್ತೆ ಅವರು ಏಳಲಿಲ್ಲ. ಇನ್ನೊಮ್ಮೆ ನನ್ನ ಕೈಯಿಂದ ಆಗುವುದಿಲ್ಲ."

ಇಷ್ಟು ವರ್ಷ ಅವಳು ಇದನ್ನು ಯಾರಿಗೂ ಹೇಳಿರಲಿಲ್ಲ. ಆದರೆ ಅವಳ ಹೆದರಿಕೆಗೆ ನಾನು ಸಾಯಲು ತಯಾರಿರಲಿಲ್ಲ.

"ಭಾವನನ್ನು ಕೊಂದದ್ದು ಕಾಮಾಲೆ, ನಿನ್ನ ಮೀನಲ್ಲ ಮಾರಾಯ್ತಿ. ಸರಿ, ನೀನು ಬಡಿಸಬೇಡ. ನಾನೇ ಮಾಡಿ ತಿನ್ತೇನೆ."

ಏದುಸಿರು ಬಿಡುತ್ತಾ ಮಸಾಲೆ ಅರೆದೆ, ಸಾರು ಕುದಿಸಿದೆ, ಅವಳೆದುರೇ ಕೂತು ಮುಳ್ಳು ಬಿಡಿಸಿ ತಿಂದೆ. ಅವಳು ಮುಖ ತಿರುಗಿಸಿಕೊಂಡು ಅತ್ತಳು. ಮರುದಿನವೂ ತಿಂದೆ. ಬಾಯಿಗೆ ರುಚಿಯೇ ಇಲ್ಲದ ದಿನ ಹಟಕ್ಕೆ ತಿಂದೆ.

ಮುಂದಿನ ಪರೀಕ್ಷೆಯಲ್ಲಿ ಆಲ್ಬುಮಿನ್ ಸ್ವಲ್ಪ ಏರಿತ್ತು, ಬಿಳಿ ಕಣಗಳ ಲೆಕ್ಕ ಮಾತ್ರ ಜಗ್ಗಿರಲಿಲ್ಲ. "ಇಷ್ಟು ಸುಧಾರಿಸಿದ್ದು ಸಾಕು, ಕೀಮೋ ಶುರು ಮಾಡುವ," ಎಂದರು ಡಾಕ್ಟರು.

ಅಕ್ಕ ಅವರ ಮೇಜು ಹಿಡಿದುಕೊಂಡಳು. "ಹಾಗಾದ್ರೆ ಇವಳು ಉಳೀತಾಳಾ?"

ಡಾಕ್ಟರು ಮತ್ತೆ ರಿಪೋರ್ಟಿನ ಕಡೆ ನೋಡಿದರು. ನಾನು ಅದನ್ನು ಮಗುಚಿ ಹಾಕಿದೆ.

"ನಾನು ಉಳೀತೇನಾ ಅನ್ನುವುದು ಆ ರಿಪೋರ್ಟಿನಲ್ಲಿ ಇಲ್ಲ ಅಕ್ಕ," ಎಂದು ರವಿಕೆಯ ತೋಳು ಮೇಲಕ್ಕೆ ಮಡಚಿ ಕೈ ಚಾಚಿದೆ. "ಸೂಜಿ ಹಾಕಲಿಕ್ಕೆ ಹೇಳಿ ಡಾಕ್ಟ್ರೇ."