ಜಲ್ಲಿ ತುಂಬಿದ ಹೊಂಡ

ಕಚೇರಿಯಲ್ಲಿ ಅವಳಿಗೆ ಮೋಡದ ಮೇಡಂ ಎಂದೇ ಹೆಸರು. ಊರಿನ ಮಳೆನೀರು ಎಲ್ಲಿ ಹರಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಇಪ್ಪತ್ತಾರು ವರ್ಷದಿಂದ ನಕ್ಷೆ ಬರೆಯುವವಳು, ಕಿಟಕಿಯಾಚೆ ಚೂರು ಕಪ್ಪಾದರೂ ಕುರ್ಚಿಯಲ್ಲಿ ಕೂರಲಾರಳು. ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡಿ, ಮಳೆ ಬಿದ್ದ ಮೇಲೆ ಅತ್ತಿಗೆಗೆ ಫೋನ್ ಮಾಡುವಳು.

"ಅಂಗಡಿಗೆ ನೀರು ಬಂತಾ ಅತ್ತಿಗೆ?"

"ಇಲ್ಲ ಕಣೆ, ಸುಮ್ನೆ ನಿನ್ನ ಕೆಲಸ ನೋಡು."

ಇಷ್ಟು ಕೇಳಿದ ಮೇಲೇ ಅವಳಿಗೆ ಟೀ ಗಂಟಲಲ್ಲಿ ಇಳಿಯುವುದು.

ಅವಳದೊಂದು ಕಟ್ಟುಪಾಡಿತ್ತು. ಯಾವ ಲೆಕ್ಕಕ್ಕೂ ಮಾಡಿದ ದಿನವೇ ಸಹಿ ಹಾಕುತ್ತಿರಲಿಲ್ಲ. ಒಂದು ರಾತ್ರಿ ಕಳೆಯಬೇಕು, ಮರುದಿನ ಕೊನೆಗೆ ಬಂದ ಉತ್ತರದಿಂದ ಶುರುಮಾಡಿ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಬೇಕು. ಕಿರಿಯರು ನಗುತ್ತಿದ್ದರು. ನಗಲಿ ಬಿಡಿ, ಅವಳು ಬರೆದ ಒಂದು ಮೋರಿಯೂ ಉಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ಆ ಕಟ್ಟುಪಾಡು ಮುರಿದದ್ದು ಒಂದೇ ಸಲ, ಅಣ್ಣ ತೀರಿಕೊಂಡ ಸುದ್ದಿ ಬಂದ ಮಧ್ಯಾಹ್ನ. ಮೇಜಿನ ಮೇಲಿದ್ದ ಶಾಲಾ ಮೈದಾನದ ಫೈಲಿಗೆ ಸಹಿ ಹಾಕಿ ಓಡಿದ್ದಳು.

ಆ ಮೈದಾನದಡಿ ಹೊಂಡ ತೋಡಿ, ಜಲ್ಲಿ ತುಂಬಿ, ಮೇಲೆ ಹುಲ್ಲು ಹಾಸಿದರು. ಜೋರು ಮಳೆಯ ನೀರು ಅಲ್ಲಿ ತಂಗಿ, ಸಣ್ಣ ಕೊಳವೆಯಲ್ಲಿ ನಿಧಾನವಾಗಿ ಹೊರಗೆ ಹೋಗಬೇಕು. ಇಳಿಜಾರಿನ ಬೀದಿಗೆ ಒಮ್ಮೆಲೇ ನುಗ್ಗಬಾರದು. ಆ ಬೀದಿಯ ತೀರಾ ತಗ್ಗಿನಲ್ಲೊಂದು ಮಳಿಗೆ ಖಾಲಿಯಾದಾಗ, ಹೊಲಿಗೆ ಅಂಗಡಿ ಇಡಲು ಅತ್ತಿಗೆ ಹಿಂಜರಿದರು. ಮೇಲೆ ನನ್ನ ಹೊಂಡ ಇದೆ, ಹೆದರಬೇಡಿ ಎಂದು ಎದೆ ತಟ್ಟಿ ಹೇಳಿದವಳು ಇವಳೇ.

ಐದು ವರ್ಷ ಕಳೆದು, ಇವತ್ತು ಬೆಳಿಗ್ಗೆ, ಹೊಸದೊಂದು ಹೊಂಡಕ್ಕೆ ಮಾದರಿ ಬೇಕೆಂದು ಆ ಫೈಲು ತೆಗೆದಳು. ಅಭ್ಯಾಸಬಲದಿಂದ ಕೊನೆಯಿಂದ ಓದಿದಳು. ಮೂರನೇ ಸಾಲಿನಲ್ಲಿ ತಪ್ಪು ಕಂಡಿತು. ಹೊಂಡ ಮುನ್ನೂರು ಘನ ಮೀಟರ್, ಅದು ಹಿಡಿಯುವ ನೀರೂ ಮುನ್ನೂರು ಎಂದು ಬರೆದಿತ್ತು. ಜಲ್ಲಿ ಲೆಕ್ಕಕ್ಕೇ ಬಂದಿರಲಿಲ್ಲ. ಕೊಡದ ತುಂಬ ಕಲ್ಲು ಹಾಕಿ, ಅದರಲ್ಲಿ ಒಂದು ಕೊಡ ನೀರು ಹಿಡಿಯುತ್ತೇನೆ ಎಂದ ಹಾಗೆ. ನೀರಿಗೆ ಉಳಿದದ್ದು ಕಲ್ಲಿನ ಸಂದಿಗಳು, ಹೆಚ್ಚೆಂದರೆ ನೂರು. ಸಂಜೆಗೆ ಭಾರಿ ಮಳೆ ಎಂದು ಹವಾಮಾನದವರು ಹೇಳಿಯಾಗಿತ್ತು.

ಫೋನ್ ಎತ್ತಿದಳು, ಇಟ್ಟಳು. ಇದು ಫೋನಿನಲ್ಲಿ ಆಡುವ ಮಾತಲ್ಲ. ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಹೋದಳು. ನೀರು ನುಗ್ಗಿದರೆ ಅತ್ತಿಗೆಯ ಅನ್ನ ಹೋಯಿತು. ನಿಜ ಹೇಳಿದರೆ ತನ್ನ ಮೇಲಿನ ನಂಬಿಕೆ ಹೋಯಿತು. ತಾನು ಎರಡನೆಯದಕ್ಕೇ ಹೆಚ್ಚು ಹೆದರುತ್ತಿರುವುದು ಗೊತ್ತಾಗಿ ನಾಚಿಕೆಯಾಯಿತು.

ಅಂಗಡಿಯಲ್ಲಿ ಅತ್ತಿಗೆ ಅಂಗಿಗೆ ಗುಂಡಿ ಹೊಲಿಯುತ್ತ ಕೂತಿದ್ದರು. "ಏನೇ ಇದು, ಆಫೀಸಿನ ಹೊತ್ತಲ್ಲಿ?"

"ಮಷಿನ್ ಮೇಲೆತ್ತಬೇಕು ಅತ್ತಿಗೆ. ಹೊಂಡದ ಲೆಕ್ಕ ತಪ್ಪಿದೆ. ತಪ್ಪಿದ್ದು ನಾನೇ. ಅಣ್ಣ ಹೋದ ದಿನ ತಿರುಗಿ ನೋಡದೆ ಸಹಿ ಹಾಕಿಬಿಟ್ಟೆ."

ಅತ್ತಿಗೆ ದಾರ ಕಚ್ಚಿ ತುಂಡರಿಸಿದರು, ಏಳಲಿಲ್ಲ. ಮಷಿನ್ ಎತ್ತಲು ಬಗ್ಗಿದವಳಿಗೆ ಆಗ ಕಂಡಿತು. ಎರಡೂ ಮಷಿನ್‌ಗಳ ಕಾಲಡಿ ಮೂರು ಮೂರು ಇಟ್ಟಿಗೆ. ಬಟ್ಟೆಯ ಬೀರುವಿನಡಿಯೂ ಇಟ್ಟಿಗೆ. ಗೋಡೆಗೆ ಒರಗಿಸಿದ್ದ ಹಲಗೆ ಸರಿಸಿದಳು. ಹಿಂದೆ ಮಣ್ಣಿನ ಬಣ್ಣದ ಗೆರೆ, ಒಂದರ ಮೇಲೊಂದು ಎರಡು.

"ಇದು ಯಾವಾಗ?"

"ಹೋದ ವರ್ಷ ಒಂದ್ಸಲ. ಅದಕ್ಕೂ ಮುಂಚೆ ಒಂದ್ಸಲ."

"ಕೇಳಿದಾಗೆಲ್ಲ ಇಲ್ಲ ಅಂದ್ರಲ್ಲ."

"ನೀನು ಕೇಳೋ ದನಿಗೆ ಹೌದು ಅನ್ನೋಕೆ ಬಾಯೇ ಬರ್ತಿರಲಿಲ್ಲ. ಆವತ್ತು ಸಹಿ ಹಾಕಿ ಓಡಿಬಂದಿದ್ದು ನನ್ನ ಹತ್ರಾನೇ ಅಲ್ವಾ?"

ಅವಳ ಕಣ್ಣು ತುಂಬಿತು. ಆದರೆ ಕೈ ಸುಮ್ಮನಿರಲಿಲ್ಲ. ಚೀಲದಿಂದ ಟೇಪ್ ತೆಗೆದು ನೆಲದಿಂದ ಮೇಲಿನ ಗೆರೆಗೆ ಹಿಡಿಯಿತು. ಹದಿನೆಂಟು ಸೆಂಟಿಮೀಟರ್. ಪುಸ್ತಕದಲ್ಲಿ ಬರೆದುಕೊಂಡಳು.

"ಸಾಹೇಬರಿಗೆ ಇವತ್ತೇ ಬರೆದು ಕೊಡ್ತೀನಿ. ಇನ್ನೆರಡು ಹೊಂಡ ತೋಡಿಸಲೇಬೇಕು."

"ಮತ್ತೆ ನಿನ್ನ ಕೆಲಸ?"

ಅವಳು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದಳು. ಅಂಗಡಿಯ ಶಟರ್ ಮೇಲೆ ದಪ್ಪ ಹನಿಗಳು ಬೀಳತೊಡಗಿದವು.

"ಇನ್ಮೇಲೆ ಕೇಳಿದ್ರೆ ನಿಜ ಹೇಳಿ ಅತ್ತಿಗೆ."

"ಹೇಳ್ತೀನಿ. ಆ ಕಡೆ ಹಿಡಿ," ಎಂದು ಅತ್ತಿಗೆ ಎದ್ದರು. "ಈ ಸಲ ಮೂರು ಇಟ್ಟಿಗೆ ಸಾಲಲ್ಲ."